ಲೋವರಿಂಗ್ ಸ್ಪ್ರಿಂಗ್: ಇರೋ ಶಾಕ್ ಸಾಕಾ, ಜೋಡಿಯನ್ನೇ ಬದಲಿಸಬೇಕಾ?

ಲೋವರಿಂಗ್ ಸ್ಪ್ರಿಂಗ್ ಅಂದರೆ ಕಾರನ್ನು ತಗ್ಗಿಸಲು ಹಾಕುವ ಗಿಡ್ಡ ಸ್ಪ್ರಿಂಗ್. ಕಾರು ಸ್ವಲ್ಪ ತಗ್ಗಿ ಕೂತರೆ ನೋಡೋಕೆ ಚೆಂದ, ತಿರುವಿನಲ್ಲಿ ವಾಲಾಟವೂ ಕಡಿಮೆ. ಆದರೆ ಸ್ಪ್ರಿಂಗ್ ಮಾತ್ರ ಬದಲಿಸೋದಾ, ಶಾಕ್ ಅಬ್ಸಾರ್ಬರ್ ಕೂಡ ಬದಲಿಸೋದಾ?

ಸ್ಪ್ರಿಂಗ್ ಮಾತ್ರ ಆದರೆ ಖರ್ಚು ಕಡಿಮೆ. 20ರಿಂದ 30 ಮಿ.ಮೀ. ಇಳಿಸುವುದಾದರೆ, ಶಾಕ್ ಚೆನ್ನಾಗಿದ್ದರೆ, ಸಾಮಾನ್ಯವಾಗಿ ನಡೆಯುತ್ತದೆ. ಅದಕ್ಕಿಂತ ಜಾಸ್ತಿ ಇಳಿಸಿದರೆ ತೊಂದರೆ ಶುರು. ಶಾಕ್ ಒಳಗಿನ ಪಿಸ್ಟನ್ ಯಾವಾಗಲೂ ಕೆಳಗೇ ಕೂತಿರುತ್ತದೆ. ಉಬ್ಬು ಬಂದಾಗ ಒತ್ತಿಕೊಳ್ಳಲು ಜಾಗ ಸಾಲದೆ, ಕೊನೆಯಲ್ಲಿ ತಡೆಯುವ ಮೆತ್ತೆಯಾದ ಬಂಪ್ ಸ್ಟಾಪ್‌ಗೆ ಢಬ್ ಅಂತ ಬಡಿಯುತ್ತದೆ. ಜೊತೆಗೆ ಲೋವರಿಂಗ್ ಸ್ಪ್ರಿಂಗ್ ಬಿಗಿ, ಜೋರಾಗಿ ಪುಟಿಯುತ್ತದೆ. ಅದನ್ನು ತಡೆಯುವ ಕಸುವು ಹಳೇ ಶಾಕ್‌ಗೆ ಇಲ್ಲದಿದ್ದರೆ, ಉಬ್ಬು ದಾಟಿದ ಮೇಲೂ ಕಾರು ಎರಡು ಮೂರು ಸಲ ಕುಣಿಯುತ್ತದೆ.

ಹೊಂದುವ ಗಿಡ್ಡ ಶಾಕ್ ಜೋಡಿಸಿದರೆ ಈ ಕಾಟ ಬಹುಮಟ್ಟಿಗೆ ತಪ್ಪುತ್ತದೆ. ದುಡ್ಡು ಜಾಸ್ತಿ, ನಿಜ. ಆದರೆ ಬಿಚ್ಚಿ ಜೋಡಿಸುವ ಕೂಲಿ ಒಂದೇ ಸಲ, ಅಲ್ವಾ?

ಶಾಕ್ ಮೇಲೆ ಎಣ್ಣೆ ಒಸರಿದ್ದರೆ, ಅಥವಾ 40 ಮಿ.ಮೀ. ಇಳಿಸುವ ಆಸೆಯಿದ್ದರೆ, ಸ್ಪ್ರಿಂಗ್-ಶಾಕ್ ಜೋಡಿಯನ್ನೇ ಹಾಕಿಸಿ. ಇರೋ ಸ್ಪ್ರಿಂಗನ್ನು ಕತ್ತರಿಸಿ ಇಳಿಸುವುದಕ್ಕಂತೂ ಕೈ ಹಾಕಲೇಬೇಡಿ. ಯಾವುದು ಹಾಕಿಸಿದರೂ ವೀಲ್ ಅಲೈನ್‌ಮೆಂಟ್ ಮಾಡಿಸಿ. ಬಿಟ್ಟರೆ ಟೈರಿನ ಒಳ ಅಂಚು ಬೇಗ ಸವೆಯಬಹುದು.