ಚಿಮ್ನಿ ಕೊಳ್ಳುವ ಮುಂಚೆ ಪೈಪಿನ ಕಥೆ ಕೇಳಿ

ಕ್ಯಾಬಿನೆಟ್ ಕೆಳಗೆ ಕೂರಿಸುವ ಚಿಮ್ನಿ ಕೊಳ್ಳಬೇಕು ಅಂತ ಇದ್ದೀರಾ? ಹಾಗಾದರೆ ಮಾಡೆಲ್ ಹುಡುಕುವುದನ್ನು ಸ್ವಲ್ಪ ನಿಲ್ಲಿಸಿ. ಅದರ ಪೈಪ್ ಯಾವ ದಾರಿಯಲ್ಲಿ ಹೊರಗೆ ಹೋಗುತ್ತದೆ, ಎಷ್ಟು ದಪ್ಪ ಇರುತ್ತದೆ ಅನ್ನುವುದನ್ನು ಮೊದಲು ನೋಡಿ. ನಮ್ಮ ಮನೆಗೆ ಬಂದ ಮಷೀನ್ ಚೆನ್ನಾಗಿಯೇ ಇತ್ತು, ಈಗಲೂ ಚೆನ್ನಾಗಿದೆ. ಅದನ್ನು ಕೂರಿಸಿದ ರೀತಿ ಮಾತ್ರ ದೇವರಿಗೇ ಪ್ರೀತಿ. ಒಲೆ ಮೇಲಿನ ಕ್ಯಾಬಿನೆಟ್‌ನ ತಳದ ಹಲಗೆ ಉಬ್ಬಿ ಹೋಯಿತು. ಒಳಗಿಟ್ಟಿದ್ದ ಡಬ್ಬಗಳ ಕೆಳಗೆ ಹಳದಿ ಜಿಡ್ಡು ನೀರು ನಿಂತಿತು. ಮಲಗುವ ಕೋಣೆಯ ಪರದೆಗೂ ಕರಿದ ಎಣ್ಣೆಯ ವಾಸನೆ ಹತ್ತಿತು. ಮಾರಿದವರು ಫಿಟ್ಟಿಂಗ್‌ನವರ ಕಡೆ ಕೈ ತೋರಿಸಿದರು, ಫಿಟ್ಟಿಂಗ್‌ನವರು ಗೋಡೆ ಕಡೆ ಕೈ ತೋರಿಸಿದರು. ಗೋಡೆ ಮಾತಾಡಲ್ಲ ಅಲ್ವಾ, ಅಲ್ಲಿಗೆ ಮುಗೀತು.

ಅಂಗಡಿಯಲ್ಲಿ ಮಾತೆಲ್ಲ ಒಂದೇ ನಂಬರಿನ ಮೇಲೆ. ಗಂಟೆಗೆ 1200 ಘನ ಮೀಟರ್ ಎಳೆಯುತ್ತದೆ, ಪಕ್ಕದ್ದು 1000 ಮಾತ್ರ, ಸ್ವಲ್ಪ ಜಾಸ್ತಿ ಕೊಟ್ಟರೆ 1400ರದ್ದೂ ಇದೆ. ಈ ನಂಬರ್ ಪೂರ್ತಿ ಸುಳ್ಳಲ್ಲ. ಆದರೆ ಅದನ್ನು ಯಾವ ಸ್ಥಿತಿಯಲ್ಲಿ ಅಳೆದರು ಅಂತ ಡಬ್ಬದ ಮೇಲೆ ಬರೆದಿರುವುದು ಅಪರೂಪ. ಪೈಪಿನ ತಡೆಯೇ ಇಲ್ಲದೆ ಬರೀ ಫ್ಯಾನ್ ಎಷ್ಟು ಗಾಳಿ ತಳ್ಳುತ್ತದೆ ಅನ್ನುವ ಲೆಕ್ಕ ಹಾಕುವವರಿದ್ದಾರೆ. ಮನೆಯಲ್ಲಿ ಪೈಪ್ ಇರುತ್ತದೆ, ಬೆಂಡ್ ಇರುತ್ತದೆ, ಜಿಡ್ಡು ಹಿಡಿದ ಫಿಲ್ಟರ್ ಇರುತ್ತದೆ. ಅಲ್ಲಿ ಆ ನಂಬರ್ ಎಷ್ಟಕ್ಕೆ ಇಳಿಯುತ್ತದೆ ಅಂತ ಕೇಳಿ. ಒಳ್ಳೆಯ ಕಂಪನಿಗಳು ಮಾನ್ಯುಯಲ್‌ನಲ್ಲಿ ಒತ್ತಡಕ್ಕೆ ತಕ್ಕ ಹಾಗೆ ಗಾಳಿ ಎಷ್ಟು ಅನ್ನುವ ಗ್ರಾಫ್ ಕೊಟ್ಟಿರುತ್ತವೆ. ಅದನ್ನು ತೋರಿಸಿ ಅಂದಾಗ ಅಂಗಡಿಯವರ ಮುಖ ನೋಡಬೇಕಿತ್ತು.

ಅಷ್ಟಕ್ಕೂ ಅಷ್ಟು ಗಾಳಿ ಬೇಕೇ? ಅಮೆರಿಕದ ಹೋಮ್ ವೆಂಟಿಲೇಟಿಂಗ್ ಇನ್‌ಸ್ಟಿಟ್ಯೂಟ್ ಗೋಡೆಗೆ ಒರಗಿರುವ ಒಲೆಗೆ ಹೇಳುವ ಲೆಕ್ಕ ಸುಲಭ: ಒಲೆಯ ಅಗಲ ಒಂದು ಅಡಿ ಇದ್ದರೆ ನಿಮಿಷಕ್ಕೆ 100 ಘನ ಅಡಿ. ಅಂದರೆ 30 ಇಂಚಿನ ಒಲೆಗೆ 250 ಘನ ಅಡಿ. ಅದನ್ನು 1.7ರಿಂದ ಗುಣಿಸಿದರೆ ಗಂಟೆಗೆ ಸುಮಾರು 425 ಘನ ಮೀಟರ್. ಜೋರು ಉರಿಯಲ್ಲಿ ಹುರಿಯುವ, ಕರಿಯುವ ಮನೆಯಾದರೆ ಇನ್ನಷ್ಟು ಇರಲಿ, ಬೇಡ ಅನ್ನಲ್ಲ. ಆದರೆ 425 ನಿಜವಾಗಿ ಹೊರಗೆ ಹೋಗುವ ಫಿಟ್ಟಿಂಗ್, ಡಬ್ಬದ ಮೇಲಷ್ಟೇ 1200 ಇರುವ ಫಿಟ್ಟಿಂಗ್‌ಗಿಂತ ಎಷ್ಟೋ ಮೇಲು.

ಈಗ ಫಿಟ್ಟಿಂಗ್ ವಿಷಯ. ಬಂದವರ ಕೈಯಲ್ಲಿ ಸುರುಳಿ ಸುತ್ತಿದ ಅಲ್ಯೂಮಿನಿಯಂ ಪೈಪ್ ಇತ್ತು. ಎಳೆದರೆ ಉದ್ದ ಆಗುತ್ತದಲ್ಲ, ಆ ಸುಕ್ಕು ಸುಕ್ಕು ಪೈಪ್. ಚಿಮ್ನಿಯ ಬಾಯಿ 6 ಇಂಚು. ಗೋಡೆಯಲ್ಲಿ ಹಳೆಯ ಎಕ್ಸಾಸ್ಟ್‌ಗೆ ಕೊರೆದಿದ್ದ ತೂತು 4 ಇಂಚು. ಅವರು ಒಂದು ಕ್ಷಣವೂ ಯೋಚಿಸಲಿಲ್ಲ. ಬ್ಯಾಗಿನಿಂದ ಒಂದು ಪ್ಲಾಸ್ಟಿಕ್ ರೆಡ್ಯೂಸರ್ ತೆಗೆದು ಸಿಕ್ಕಿಸಿದರು. ಗೋಡೆ ತೂತನ್ನು ದೊಡ್ಡದು ಮಾಡಬೇಕಲ್ವಾ ಅಂತ ಕೇಳಿದ್ದಕ್ಕೆ, "ಏನೂ ಆಗಲ್ಲ ಮೇಡಂ, ಗಾಳಿ ತಾನೇ, ಹೋಗುತ್ತೆ" ಅಂದರು.

ಹೋಗುತ್ತೆ, ಆದರೆ ಎಷ್ಟು? 6 ಇಂಚಿನ ಪೈಪ್ 4 ಇಂಚು ಆದರೆ ಬಾಯಿಯ ವಿಸ್ತೀರ್ಣ 44 ಪರ್ಸೆಂಟ್‌ಗೆ ಇಳಿಯುತ್ತದೆ. ಮೂರನೇ ಒಂದು ಭಾಗ ಕಮ್ಮಿ ಆದ ಹಾಗೆ ಕಾಣುತ್ತದೆ, ನಿಜದಲ್ಲಿ ಅರ್ಧಕ್ಕಿಂತ ಜಾಸ್ತಿ ಮುಚ್ಚಿ ಹೋಗಿರುತ್ತದೆ. ಅಷ್ಟೇ ಗಾಳಿಯನ್ನು ಆ ಸಣ್ಣ ಪೈಪಿನಲ್ಲಿ ತಳ್ಳಬೇಕಾದರೆ ತಡೆ ಏಳು ಪಟ್ಟು ದಾಟುತ್ತದೆ. ಮನೆ ಚಿಮ್ನಿಯ ಮೋಟಾರಿಗೆ ಅಷ್ಟು ತಾಕತ್ತು ಇರಲ್ಲ. ಅದು ಕಿರುಚುತ್ತದೆ, ಗಾಳಿ ಮಾತ್ರ ಹೋಗಲ್ಲ. ಮೇಲಿಂದ ಸುಕ್ಕು ಪೈಪು. ಅದರ ಒಳಮೈ ನುಣುಪಾಗಿರಲ್ಲ, ಹಾಗಾಗಿ ಗಾಳಿಯನ್ನು ಇನ್ನಷ್ಟು ತಡೆಯುತ್ತದೆ, ಪ್ರತಿ ಮಡಿಕೆಯಲ್ಲೂ ಜಿಡ್ಡು ಕೂರುತ್ತದೆ. ಪೂರ್ತಿ ಎಳೆಯದೆ ಬಿಟ್ಟರಂತೂ ಇನ್ನೂ ಕಷ್ಟ. ನಮ್ಮದನ್ನು ಕ್ಯಾಬಿನೆಟ್ ಒಳಗೆ ಒಂದು ಸುತ್ತು ಮಡಚಿ ತುರುಕಿದ್ದರು, ನಡುವೆ ಜೋತು ಬಿದ್ದಿತ್ತು. ಉಳಿದ ಪೈಪ್ ಕತ್ತರಿಸಿದ್ದರೆ ಸಾಕಿತ್ತು, ಅದಕ್ಕೂ ಸೋಮಾರಿತನ.

ಹೊರಡುವ ಮುಂಚೆ ಒಂದು ಆಟ ತೋರಿಸುತ್ತಾರೆ, ಅದನ್ನು ನಂಬಬೇಡಿ. ಚಿಮ್ನಿ ಹೈ ಸ್ಪೀಡ್‌ಗೆ ಹಾಕಿ, ಒಂದು ಪೇಪರ್ ಹಾಳೆಯನ್ನು ಫಿಲ್ಟರಿಗೆ ಹಿಡಿಯುತ್ತಾರೆ. ಪೇಪರ್ ಪಟ್ ಅಂತ ಅಂಟಿಕೊಳ್ಳುತ್ತದೆ. "ನೋಡಿ, ಹೇಗೆ ಎಳೀತಿದೆ!" ಒಂದು ಹಾಳೆ ಅಂಟಿಕೊಳ್ಳಲು ತೀರಾ ಕಮ್ಮಿ ಗಾಳಿ ಸಾಕು. ಒಲೆಯಿಂದ ಏಳುವ ಹೊಗೆಯನ್ನೆಲ್ಲ ಬಾಚಿಕೊಳ್ಳುತ್ತದೋ ಇಲ್ಲವೋ ಅನ್ನುವುದು ಅದರಿಂದ ತಿಳಿಯಲ್ಲ. ನೋಡಬೇಕಾಗಿದ್ದು ಎರಡು. ಮುಂದಿನ ಬರ್ನರ್ ಮೇಲೆ ಅಗಲ ಪಾತ್ರೆಯಲ್ಲಿ ನೀರು ಕುದಿಸಿ, ಆವಿ ಚಿಮ್ನಿ ಒಳಗೆ ಹೋಗುತ್ತದೋ, ಮುಂಭಾಗದ ಅಂಚಿನಿಂದ ತಪ್ಪಿಸಿಕೊಂಡು ನಿಮ್ಮ ಮುಖದ ಕಡೆ ಬರುತ್ತದೋ ನೋಡಿ. ಆಮೇಲೆ ಹೊರಗೆ ಹೋಗಿ, ಗೋಡೆ ಮೇಲಿನ ಫ್ಲ್ಯಾಪ್ ಪೂರ್ತಿ ತೆರೆದುಕೊಂಡಿದೆಯೋ, ಕೈ ಹಿಡಿದರೆ ಗಾಳಿ ಜೋರಾಗಿ ಬಡಿಯುತ್ತದೋ ನೋಡಿ. ಫಿಟ್ಟಿಂಗ್‌ನವರು ಇನ್ನೂ ಮನೆಯಲ್ಲಿರುವಾಗಲೇ ಇದನ್ನು ಮಾಡಿ. ದುಡ್ಡು ಕೈ ಬದಲಾದ ಮೇಲೆ ಫೋನ್ ಎತ್ತುವವರು ಕಮ್ಮಿ.

ಜಿಡ್ಡು ನೀರು ಎಲ್ಲಿಂದ ಬಂತು ಅಂದರೆ, ಬಿಸಿ ಆವಿ ಆ ಜೋತುಬಿದ್ದ ಪೈಪಿನಲ್ಲಿ ನಿಧಾನವಾಗಿ ಹೋಗುತ್ತಾ ತಣ್ಣಗಾಗಿ ನೀರಾಗುತ್ತಿತ್ತು. ಎಣ್ಣೆಯ ಜೊತೆ ಸೇರಿ ಹಳ್ಳದಲ್ಲಿ ನಿಲ್ಲುತ್ತಿತ್ತು. ಜೋಡಣೆಗೆ ಸುತ್ತಿದ್ದು ಬಟ್ಟೆಯ ಟೇಪ್. ಅದರ ಅಂಟು ಬಿಸಿಗೆ ಒಣಗಿ ಬಿಟ್ಟುಕೊಂಡಿತು. ಅಲ್ಲಿಂದ ತೊಟ್ಟಿಕ್ಕಿದ್ದನ್ನೇ ಹಲಗೆ ಕುಡಿಯಿತು. ಪೈಪ್ ಜೋಡಣೆಗೆ ಅಲ್ಯೂಮಿನಿಯಂ ಫಾಯಿಲ್ ಟೇಪ್ ಇರುತ್ತದೆ, ಅದನ್ನೇ ಹಾಕಿಸಿ.

ಇನ್ನೊಂದು ವಿಷಯ ಪೈಪ್ ಬಿಚ್ಚಿದ ಮೇಲೆ ಕಂಡಿತು. ಚಿಮ್ನಿ ಬಾಯಿಯಲ್ಲಿ ಎರಡು ಎಲೆಯ ಒಂದು ಫ್ಲ್ಯಾಪ್ ಇರುತ್ತದೆ. ಮಷೀನ್ ಓಡುವಾಗ ತೆರೆಯುತ್ತದೆ, ನಿಂತಾಗ ಮುಚ್ಚಿ ಹೊರಗಿನ ಗಾಳಿ, ಹುಳ ಒಳಗೆ ಬರದಂತೆ ತಡೆಯುತ್ತದೆ. ಸಾಗಿಸುವಾಗ ಅಲ್ಲಾಡದಿರಲಿ ಅಂತ ಫ್ಯಾಕ್ಟರಿಯಲ್ಲೇ ಅದಕ್ಕೆ ಟೇಪ್ ಅಂಟಿಸಿ ಕಳಿಸುತ್ತಾರೆ. ಕೂರಿಸುವಾಗ ಕಿತ್ತು ಹಾಕಬೇಕು. ನಮ್ಮದರಲ್ಲಿ ಒಂದು ಎಲೆಯ ಮೇಲಿನ ಟೇಪ್ ಹಾಗೇ ಇತ್ತು! ಅಂದರೆ 4 ಇಂಚಿಗೆ ಇಳಿಸುವ ಮುಂಚೆಯೇ ಅರ್ಧ ಬಾಯಿ ಬಂದ್. ನಿಮ್ಮ ಮನೆಯಲ್ಲಿ ಈಗಾಗಲೇ ಚಿಮ್ನಿ ಇದ್ದು ಸರಿಯಾಗಿ ಎಳೆಯುತ್ತಿಲ್ಲ ಅಂದರೆ ಮೋಟಾರಿಗೆ ಬೈಯುವ ಮೊದಲು ಫಿಲ್ಟರ್ ತೆಗೆದು ಟಾರ್ಚ್ ಬಿಟ್ಟು ಅಲ್ಲಿ ನೋಡಿ.

ಹೊರಗಡೆಯ ಬಾಯಿಗೂ ಸೊಳ್ಳೆ ಪರದೆಯಂಥ ಸಣ್ಣ ಜಾಲರಿ ಹಾಕಿದ್ದರು. ಒಳ್ಳೆಯ ಉಪಾಯ ಅನ್ನಿಸುತ್ತದೆ. ಜಿಡ್ಡು ಗಾಳಿಗೆ ಅದು ಬೇಗ ಕಟ್ಟಿಕೊಳ್ಳುತ್ತದೆ. ಅಲ್ಲಿ ಬೇಕಾಗಿದ್ದು ತಾನಾಗಿ ಮುಚ್ಚುವ ಫ್ಲ್ಯಾಪ್ ಇರುವ ಮುಚ್ಚಳ. ಪೈಪನ್ನು ಫಾಲ್ಸ್ ಸೀಲಿಂಗ್ ಒಳಗೆ ಅಥವಾ ಅಟ್ಟದಲ್ಲಿ ಬಿಟ್ಟು ಹೋಗುವವರೂ ಇದ್ದಾರೆ. ಅವರನ್ನು ಮನೆಯೊಳಗೇ ಬಿಡಬೇಡಿ. ಎಣ್ಣೆಯ ಪಸೆ ಕಣ್ಣಿಗೆ ಕಾಣದ ಜಾಗದಲ್ಲಿ ಸೇರುತ್ತಾ ಹೋದರೆ, ಒಂದು ಕಿಡಿ ಸಾಕು.

ಕ್ಯಾಬಿನೆಟ್ ಕೆಳಗಿನ ಚಿಮ್ನಿಗೆ ಅದರದೇ ತಾಪತ್ರಯ ಒಂದಿಷ್ಟಿವೆ. ಹಲವು ಕ್ಯಾಬಿನೆಟ್‌ಗಳ ತಳ ಸಮ ಇರಲ್ಲ. ಸುತ್ತ ಚೌಕಟ್ಟು ಕೆಳಗೆ ಇಳಿದಿರುತ್ತದೆ, ನಡುವಿನ ಹಲಗೆ ಮೇಲಿರುತ್ತದೆ. ಅಲ್ಲಿ ಮರದ ಪಟ್ಟಿ ಕೊಟ್ಟು ಸಮ ಮಾಡಿ, ಸ್ಕ್ರೂ ಆ ಪಟ್ಟಿಗೆ ಹಿಡಿಯುವ ಹಾಗೆ ಹಾಕಬೇಕು. ತೆಳು ಹಲಗೆಗೆ ಮಾತ್ರ ಸ್ಕ್ರೂ ತಿರುಗಿಸಿದರೆ ಮೋಟಾರ್ ನಡುಕಕ್ಕೆ ದಿನ ದಿನ ಸಡಿಲ ಆಗುತ್ತದೆ. ಪೈಪ್ ಮೇಲಕ್ಕೆ ಹೋಗುವುದಾದರೆ ಕ್ಯಾಬಿನೆಟ್‌ನ ಒಳಜಾಗ ಅರ್ಧ ಹೋಯಿತು ಅಂತಲೇ ಲೆಕ್ಕ ಇಟ್ಟುಕೊಳ್ಳಿ. ಹಿಂದಿನ ಗೋಡೆಯಿಂದ ನೇರ ಹೊರಗೆ ತಳ್ಳುವ ಅನುಕೂಲ ಕೆಲವು ಮಾಡೆಲ್‌ಗಳಲ್ಲಿ ಇದೆ. ಹೊರಗೋಡೆಯ ಪಕ್ಕ ಒಲೆ ಇರುವವರಿಗೆ ಅದರಂಥ ಸುಖ ಇಲ್ಲ.

ಎತ್ತರಕ್ಕೆ ಮಾನ್ಯುಯಲ್ ಏನು ಹೇಳುತ್ತದೋ ಅದೇ ಕೊನೆ ಮಾತು. ಗ್ಯಾಸ್ ಒಲೆಗೆ ಸಾಮಾನ್ಯವಾಗಿ 65 ಸೆಂಟಿಮೀಟರ್‌ಗಿಂತ ಕೆಳಗೆ ಬರಬಾರದು ಅಂತ ಇರುತ್ತದೆ. ತುಂಬಾ ಮೇಲೆ ಹೋದರೆ ಹೊಗೆ ಪಕ್ಕಕ್ಕೆ ಹರಡುತ್ತದೆ. ಕ್ಯಾಬಿನೆಟ್ ಈಗಾಗಲೇ ಇದ್ದರೆ ಎತ್ತರ ಬದಲಿಸುವ ಹಾಗಿರಲ್ಲ, ಆದ್ದರಿಂದ ಟೇಪ್ ಹಿಡಿದು ಅಳೆದ ಮೇಲೆಯೇ ಅಂಗಡಿಗೆ ಹೋಗಿ. ಅಗಲ ಒಲೆಯಷ್ಟಾದರೂ ಇರಲಿ, ಸ್ವಲ್ಪ ಜಾಸ್ತಿಯಾದರೆ ಒಳ್ಳೆಯದು. ಎಲ್ಲರೂ ಮರೆಯುವುದು ಆಳವನ್ನು, ಅಂದರೆ ಗೋಡೆಯಿಂದ ಎಷ್ಟು ಮುಂದೆ ಚಾಚುತ್ತದೆ ಅನ್ನುವುದನ್ನು. ಕ್ಯಾಬಿನೆಟ್ ಕೆಳಗಿನ ಚಿಮ್ನಿಗಳು ಚಾಚುವುದು ಕಮ್ಮಿ, ಮುಂದಿನ ಬರ್ನರ್ ಹೊರಗೇ ಉಳಿದುಬಿಡುತ್ತದೆ. ಅಮೆರಿಕದ ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯದವರು ಮನೆಗಳಲ್ಲಿನ ಚಿಮ್ನಿಗಳನ್ನು ಪರೀಕ್ಷೆ ಮಾಡಿದಾಗಲೂ ಹಿಂದಿನ ಬರ್ನರ್‌ನ ಹೊಗೆಯೇ ಚೆನ್ನಾಗಿ ಸಿಕ್ಕಿತ್ತು. ಹಾಗಾಗಿ ಕರಿಯುವ ಕೆಲಸ ಈಗ ನಮ್ಮ ಮನೆಯಲ್ಲಿ ಹಿಂದಿನ ಬರ್ನರ್ ಮೇಲೆ. ಕೈ ಸ್ವಲ್ಪ ಚಾಚಬೇಕು, ಅಷ್ಟೇ.

ದೂರು ಕೊಟ್ಟಾಗ ಅಂಗಡಿಯವರು ಕೊಟ್ಟ ಪರಿಹಾರ ಕೇಳಿ: ಪೈಪೇ ಬೇಡ, ಕಾರ್ಬನ್ ಫಿಲ್ಟರ್ ಹಾಕಿಕೊಡುತ್ತೇವೆ, ಗಾಳಿ ಶುದ್ಧವಾಗಿ ವಾಪಸ್ ಅಡುಗೆಮನೆಗೇ ಬರುತ್ತದೆ. ಪೈಪ್ ಹಾಕಲು ದಾರಿಯೇ ಇಲ್ಲದ ಬಾಡಿಗೆ ಮನೆಗಾದರೆ ಸರಿ, ಏನೂ ಇಲ್ಲದ್ದಕ್ಕಿಂತ ವಾಸಿ. ಆದರೆ ಆ ಫಿಲ್ಟರ್ ಹಿಡಿಯುವುದು ಸ್ವಲ್ಪ ವಾಸನೆ ಮಾತ್ರ. ಬಿಸಿ, ಆವಿ, ಗ್ಯಾಸ್ ಉರಿದು ಬರುವ ಕಾರ್ಬನ್ ಮಾನಾಕ್ಸೈಡ್ ಎಲ್ಲ ಒಳಗೇ ಇರುತ್ತವೆ. ಸಾಮಾನ್ಯ ಕಾರ್ಬನ್ ಫಿಲ್ಟರನ್ನು ತೊಳೆಯಲು ಆಗಲ್ಲ, ಕೆಲವು ತಿಂಗಳಿಗೊಮ್ಮೆ ಹೊಸದು ಹಾಕಬೇಕು. ಆ ಖರ್ಚು ಅವರು ಹೇಳಲಿಲ್ಲ.

ಆಟೋ ಕ್ಲೀನ್ ಅಂತ ಬಟನ್ ಇದೆ, ಪೈಪ್ ಕಟ್ಟಲ್ಲ ಅಂತಲೂ ಅಂದಿದ್ದರು. ಆ ಬಟನ್ ಒತ್ತಿದರೆ ಬ್ಲೋವರ್ ಸುತ್ತಲಿನ ಜಿಡ್ಡು ಬಿಸಿಗೆ ಕರಗಿ ಟ್ರೇಗೆ ಇಳಿಯುತ್ತದೆ. ಪೈಪಿಗೆ ಅದರಿಂದ ಏನೂ ಆಗಲ್ಲ. ಜಾಲರಿ ಫಿಲ್ಟರ್ ಅಥವಾ ಬಾಫಲ್ ಫಿಲ್ಟರ್ (ಬಾಗಿದ ತಗಡಿನ ಪಟ್ಟಿಗಳದ್ದು) ಇದ್ದರೆ ಬಿಸಿ ನೀರು, ಪಾತ್ರೆ ತೊಳೆಯುವ ಸೋಪು ಸಾಕು. ಅಲ್ಯೂಮಿನಿಯಂ ಜಾಲರಿಗೆ ಕಾಸ್ಟಿಕ್ ಸೋಡಾ ಹಾಕಿದರೆ ಕಪ್ಪಗಾಗಿ ಸವೆಯುತ್ತದೆ.

ಕೊನೆಗೆ ಬೇರೆಯವರನ್ನು ಕರೆಸಿದೆವು. ಅವರು ಗೋಡೆಯ ತೂತನ್ನು 6 ಇಂಚಿನ ಪೈಪ್ ಹಿಡಿಯುವಷ್ಟು ಕೊರೆದು, ತಗಡಿನ ಗಟ್ಟಿ ಪೈಪ್ ಹಾಕಿದರು. ಒಂದೇ ಬೆಂಡ್. ಪೈಪ್ ಗೋಡೆ ಕಡೆಗೆ ಸ್ವಲ್ಪ ಇಳಿಜಾರು, ನೀರು ಆದರೂ ಹೊರಗೆ ಹೋಗಲಿ ಅಂತ. ಅದೇ ಮಷೀನ್ ಈಗ ನಡುವಿನ ಸ್ಪೀಡ್‌ನಲ್ಲೇ ಕೆಲಸ ಮುಗಿಸುತ್ತದೆ, ಪಕ್ಕದಲ್ಲಿ ನಿಂತು ಮಾತಾಡಬಹುದು. ಮೊದಲು ಹೈ ಸ್ಪೀಡ್‌ಗೆ ಹಾಕಿದರೆ ಮನೆಯವರು ಟೀವಿ ಸೌಂಡ್ ಜಾಸ್ತಿ ಮಾಡುತ್ತಿದ್ದರು.

ಸರಿಯಾಗಿ ಎಳೆಯಲು ಶುರುವಾದ ಮೇಲೆ ಇನ್ನೊಂದು ಗಮನಕ್ಕೆ ಬಂತು. ಕಿಟಕಿಗಳೆಲ್ಲ ಮುಚ್ಚಿದ್ದು ಹೈ ಸ್ಪೀಡ್‌ಗೆ ಹಾಕಿದರೆ ಅಡುಗೆಮನೆಯ ಅರೆ ತೆರೆದ ಬಾಗಿಲು ತಾನೇ ಅಲ್ಲಾಡುತ್ತದೆ. ಹೊರಗೆ ಹೋದಷ್ಟು ಗಾಳಿ ಎಲ್ಲಿಂದಾದರೂ ಒಳಗೆ ಬರಲೇಬೇಕಲ್ಲ. ಮನೆಯಲ್ಲಿ ಗ್ಯಾಸ್ ಗೀಸರ್ ಇರುವವರು ಇದನ್ನು ಸುಮ್ನೆ ಬಿಡಬೇಡಿ. ಗೀಸರ್‌ನ ಹೊಗೆ ಪೈಪಿನಿಂದಲೇ ಗಾಳಿ ವಾಪಸ್ ಎಳೆದುಕೊಂಡರೆ ಅದರ ಜೊತೆ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಚಿಮ್ನಿ ಓಡುವಾಗ ಒಂದು ಕಿಟಕಿ ತೆರೆದಿಡಿ. ಇದನ್ನು ಮಾರಿದವರಾಗಲಿ ಮೊದಲು ಕೂರಿಸಿದವರಾಗಲಿ ಬಾಯಿಬಿಟ್ಟು ಹೇಳಲಿಲ್ಲ.

ಎರಡನೇ ಸಲ ಬಿಲ್‌ನಲ್ಲಿ ಬರೆಸಿಕೊಂಡಿದ್ದು ಇಷ್ಟು: ಪೈಪ್ 6 ಇಂಚು, ತಗಡಿನದ್ದು, ರೆಡ್ಯೂಸರ್ ಇಲ್ಲ, ಹೊರಗೆ ಫ್ಲ್ಯಾಪ್ ಇರುವ ಮುಚ್ಚಳ, ಸೋರಿದರೆ ಅವರೇ ಬಂದು ಸರಿ ಮಾಡಬೇಕು. ಮೊದಲನೇ ಬಿಲ್‌ನಲ್ಲಿ ಇದ್ದಿದ್ದು "ಫಿಟ್ಟಿಂಗ್ ಸೇರಿದೆ" ಅಂತ ಮಾತ್ರ. ಫಿಟ್ಟಿಂಗ್ ಮಾಡಿಕೊಟ್ಟಿದ್ದೇವಲ್ಲ ಅಂತ ಅಂಗಡಿಯವರು ಇವತ್ತಿಗೂ ಅದನ್ನೇ ತೋರಿಸುತ್ತಿದ್ದಾರೆ. ಉಬ್ಬಿದ ಹಲಗೆಯ ದುಡ್ಡು ಇನ್ನೂ ಬಂದಿಲ್ಲ.