ಅಡಿಕೆ ದುಡ್ಡು ಎಲ್ಲಿಡುವುದು? ನಾನು ಇಟ್ಟು ನೋಡಿದ ಜಾಗಗಳು

ಶಿರಸಿ ಕಡೆಯ ಅಡಿಕೆ ಬೆಳೆಗಾರರಿಗೆ ತಿಂಗಳ ಸಂಬಳ ಇಲ್ಲ. ವರ್ಷಕ್ಕೆ ಒಂದೋ ಎರಡೋ ಸಲ ದೊಡ್ಡ ಮೊತ್ತ ಬರುತ್ತದೆ. ಆಮೇಲೆ ಹನ್ನೆರಡು ತಿಂಗಳು ಅದರಲ್ಲೇ ನಡೆಯಬೇಕು. ಕೊಳೆರೋಗದ ಔಷಧಿ, ಗೊಬ್ಬರ, ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗೌಡರ ಕೂಲಿ, ಜೂನ್ ಬಂದರೆ ಮಕ್ಕಳ ಫೀಸು. ಇಷ್ಟೆಲ್ಲ ಕಳೆದು ಉಳಿದದ್ದು ಮುಂದಿನ ಹತ್ತು ಹದಿನೈದು ವರ್ಷಕ್ಕೆ.

ನಮ್ಮ ಅಪ್ಪಯ್ಯ ಎಲ್ಲವನ್ನೂ ಉಳಿತಾಯ ಖಾತೆಯಲ್ಲೇ ಬಿಡುತ್ತಿದ್ದರು. ‘ಬೇಕು ಅಂದಾಗ ಕೈಗೆ ಸಿಗಬೇಕು’ ಎನ್ನುವುದು ಅವರ ಲೆಕ್ಕ. ಆ ಲೆಕ್ಕ ಎಷ್ಟು ಸರಿ, ಅದಕ್ಕೆ ಎಷ್ಟು ಬೆಲೆ ಕೊಡುತ್ತಿದ್ದೇವೆ ಎಂದು ನೋಡಬೇಕು ಅನ್ನಿಸಿತು. 2025ರ ಮಾರ್ಚ್‌ನಲ್ಲಿ ರಾಶಿ ಅಡಿಕೆ ಮಾರಿದ ದುಡ್ಡು ಬಂದಾಗ ಒಂದೊಂದು ಲಕ್ಷವನ್ನು ಐದು ಕಡೆ ಇಟ್ಟೆ. ಉಳಿತಾಯ ಖಾತೆ, ಮೂರು ತಿಂಗಳ ಎಫ್‌ಡಿ (ನಿಶ್ಚಿತ ಠೇವಣಿ), ಕಡಿಮೆ ಅವಧಿಯ ಸಾಲಪತ್ರ ಕೊಳ್ಳುವ ಮ್ಯೂಚುವಲ್ ಫಂಡ್ ಆದ ಲಿಕ್ವಿಡ್ ಫಂಡ್, ಷೇರಿನ ಹಾಗೆ ಪೇಟೆಯಲ್ಲೇ ಕೊಂಡು ಮಾರುವ ಫಂಡ್ ಆದ ಲಿಕ್ವಿಡ್ ಇಟಿಎಫ್, ಮತ್ತೆ ಸರ್ಕಾರಕ್ಕೆ ಸಾಲ ಕೊಡುವ 91 ದಿನಗಳ ಟ್ರೆಜರಿ ಬಿಲ್.

ಬಡ್ಡಿ ವಿಷಯ ಮೊದಲು ಮುಗಿಸಿಬಿಡುತ್ತೇನೆ. ಒಂದು ಲಕ್ಷವನ್ನು ಮೂರು ತಿಂಗಳು ಪೂರ್ತಿ ಮುಟ್ಟದೆ ಇಟ್ಟರೆ ಎನ್ನುವ ಲೆಕ್ಕ ಇದು. ಉಳಿತಾಯ ಖಾತೆಯಲ್ಲಿ ಸುಮಾರು 670 ರೂಪಾಯಿ. ಎಫ್‌ಡಿ ಶೇ 5.5ರ ಲೆಕ್ಕದಲ್ಲಿ 1,370. ಡಿವಿಡೆಂಡ್ (ಗಳಿಕೆಯ ಪಾಲು) ಕೊಡುವ ಲಿಕ್ವಿಡ್ ಇಟಿಎಫ್ 1,400ರ ಆಸುಪಾಸು. ಟ್ರೆಜರಿ ಬಿಲ್ ಮತ್ತು ಲಿಕ್ವಿಡ್ ಫಂಡ್ ಎರಡೂ 1,600ರ ಅಕ್ಕಪಕ್ಕ. ಅಂದರೆ ಉಳಿತಾಯ ಖಾತೆ ಒಂದನ್ನು ಬಿಟ್ಟರೆ ಉಳಿದ ನಾಲ್ಕರ ನಡುವೆ ಇರುವ ವ್ಯತ್ಯಾಸ ಲಕ್ಷಕ್ಕೆ ಇನ್ನೂರು ಮುನ್ನೂರು ರೂಪಾಯಿ ಮಾತ್ರ. ಇದಕ್ಕಾಗಿ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ತಲೆ ಕೆಡಿಸಿಕೊಳ್ಳಬೇಕಾದದ್ದು ದುಡ್ಡು ವಾಪಸ್ ಬರುವ ದಾರಿಯ ಬಗ್ಗೆ. ಅದು ನನಗೆ ಗೊತ್ತಾದದ್ದು ಮೇ ತಿಂಗಳಲ್ಲಿ.

ಆ ವರ್ಷ ಮಳೆ ಬೇಗ ಬಂತು. ಮೇ 24ಕ್ಕೇ ಮುಂಗಾರು ಕೇರಳಕ್ಕೆ ಬಂತೆಂದು ಹವಾಮಾನ ಇಲಾಖೆ ಹೇಳಿತು. 2009ರ ನಂತರ ಅಷ್ಟು ಬೇಗ ಬಂದದ್ದು ಅದೇ ಮೊದಲು. ಜೂನ್ ಮೊದಲ ವಾರ ಮಳೆ ಹಿಡಿಯುತ್ತದೆ, ಅದಕ್ಕೆ ಸ್ವಲ್ಪ ಮುಂಚೆ ಮೊದಲನೇ ಔಷಧಿ ಹೊಡೆಸಿದರಾಯಿತು ಎಂದು ನಾವು ಕೂತಿದ್ದೆವು. ಈಗ ಎರಡು ದಿನ ಮಳೆ ಬಿಟ್ಟು ಹೊಳವಾದರೆ ಆ ಎರಡು ದಿನದಲ್ಲೇ ಮೈಲುತುತ್ತ, ಸುಣ್ಣ ಕಲೆಸಿದ ಬೋರ್ಡೋ ದ್ರಾವಣ ಹೊಡೆಸಬೇಕು. ಬಿಟ್ಟರೆ ಕೊಳೆ ಬಂದು ಎಳೆ ಕಾಯಿ ಉದುರುತ್ತದೆ. ಮೈಲುತುತ್ತ ತರಬೇಕು, ಸುಣ್ಣ ತರಬೇಕು, ಔಷಧಿ ಹೊಡೆಯುವವರಿಗೆ ಸಂಜೆಯೇ ಕೈಗೆ ಕೂಲಿ ಕೊಡಬೇಕು. ಆ ದಿನ ಶನಿವಾರ. ಖಾತೆಯಲ್ಲಿದ್ದ ಲಕ್ಷ ಗೊಬ್ಬರಕ್ಕೂ ಮಗಳ ಕಾಲೇಜಿಗೂ ಆಗಲೇ ಖಾಲಿ ಆಗಿತ್ತು.

ಟ್ರೆಜರಿ ಬಿಲ್ ಬರುವುದು ಜೂನ್ 12ಕ್ಕೆ. ಅದಕ್ಕೆ ಇನ್ನೂ ಸುಮಾರು ಮೂರು ವಾರ ಇತ್ತು. ಲಿಕ್ವಿಡ್ ಇಟಿಎಫ್ ಮಾರಬೇಕೆಂದರೆ ಷೇರು ಪೇಟೆ ತೆರೆಯಬೇಕು. ಸೋಮವಾರ ಮಾರಿದರೆ ಮಂಗಳವಾರ ಬ್ರೋಕರ್ ಖಾತೆಗೆ ಬರುತ್ತದೆ. ಅಲ್ಲಿಂದ ಬ್ಯಾಂಕಿಗೆ ಬರಲು ಮತ್ತೂ ಒಂದು ದಿನ. ಎಫ್‌ಡಿ ಮುರಿಯಲು ಶಾಖೆಗೇ ಹೋಗಬೇಕಿತ್ತು, ಅದು ನಾಲ್ಕನೇ ಶನಿವಾರ, ಬ್ಯಾಂಕಿಗೆ ರಜೆ. ಉಳಿದದ್ದು ಲಿಕ್ವಿಡ್ ಫಂಡ್. ಮನೆಯಲ್ಲಿ ಕರೆಂಟೂ ಇಲ್ಲ, ಸಿಗ್ನಲ್ಲೂ ಇಲ್ಲ. ಮನೆ ಹಿಂದಿನ ಸೊಪ್ಪಿನ ಬೆಟ್ಟ ಹತ್ತಿ, ಕೊಡೆ ಹಿಡಿದುಕೊಂಡು ಮೊಬೈಲಿನಲ್ಲಿ ‘ಇನ್‌ಸ್ಟಂಟ್’ ಎನ್ನುವುದನ್ನು ಒತ್ತಿದೆ. ಬೆಟ್ಟ ಇಳಿಯುವ ಮೊದಲೇ 50,000 ರೂಪಾಯಿ ಖಾತೆಗೆ ಬಂದ ಮೆಸೇಜ್ ಬಂತು. ಆ ಮೆಸೇಜ್ ನೋಡಿದಾಗ ಆದ ಸಮಾಧಾನ ನನಗೆ ಇನ್ನೂ ನೆನಪಿದೆ.

ಆದರೆ ಆ ಸೌಲಭ್ಯಕ್ಕೆ ಮಿತಿ ಇದೆ. ಒಂದು ಸ್ಕೀಮಿನಿಂದ ದಿನಕ್ಕೆ 50,000 ಅಥವಾ ಇಟ್ಟದ್ದರ ಶೇ 90, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು. ಎಲ್ಲಾ ಫಂಡ್‌ಗಳಲ್ಲೂ ಇದು ಇರುವುದಿಲ್ಲ. ಇದೆಯೋ ಇಲ್ಲವೋ ಎಂದು ದುಡ್ಡು ಹಾಕುವ ಮೊದಲೇ ನೋಡಿಕೊಳ್ಳಬೇಕು. ಉಳಿದ ದುಡ್ಡನ್ನು ಮಾಮೂಲಿ ದಾರಿಯಲ್ಲಿ ತೆಗೆದೆ, ಅದು ಮಂಗಳವಾರ ಬಂತು. ಹಾಕಿದ ಏಳು ದಿನದೊಳಗೆ ತೆಗೆದರೆ ಎಕ್ಸಿಟ್ ಲೋಡ್ ಎನ್ನುವ ಸಣ್ಣ ಶುಲ್ಕ ಇರುತ್ತದೆ, ಮೊದಲ ದಿನ ಶೇ 0.0070. ಲಕ್ಷಕ್ಕೆ ಏಳು ರೂಪಾಯಿ. ಅದು ಲೆಕ್ಕಕ್ಕಿಲ್ಲ.

ಲಿಕ್ವಿಡ್ ಫಂಡ್‌ಗೆ ಅಪಾಯವೇ ಇಲ್ಲ ಎಂದು ನಾನು ಹೇಳುವುದಿಲ್ಲ. 2020ರ ಏಪ್ರಿಲ್‌ನಲ್ಲಿ ದೊಡ್ಡ ಫಂಡ್ ಹೌಸ್ ಒಂದು ಆರು ಸಾಲದ ಫಂಡ್‌ಗಳನ್ನು ಒಮ್ಮೆಲೇ ನಿಲ್ಲಿಸಿತು. ಅವು ಲಿಕ್ವಿಡ್ ಫಂಡ್ ಆಗಿರಲಿಲ್ಲ, ನಿಜ. ಜಾಸ್ತಿ ಬಡ್ಡಿಗಾಗಿ ಕಡಿಮೆ ರೇಟಿಂಗಿನ ಸಾಲಪತ್ರ ಹಿಡಿದುಕೊಂಡಿದ್ದ ಫಂಡ್‌ಗಳು ಅವು. ಹಾಗಾಗಿ ‘ಲಿಕ್ವಿಡ್‌ಗಿಂತ ಅರ್ಧ ಪರ್ಸೆಂಟ್ ಜಾಸ್ತಿ ಕೊಡುತ್ತದೆ’ ಎಂದು ಯಾರಾದರೂ ಬೇರೆ ಫಂಡ್ ತೋರಿಸಿದರೆ ನಾನು ಕೂಲಿಯ ದುಡ್ಡನ್ನು ಅಲ್ಲಿಗೆ ಒಯ್ಯುವುದಿಲ್ಲ. ಲಿಕ್ವಿಡ್ ಫಂಡ್ 91 ದಿನಕ್ಕಿಂತ ದೂರದ ಪತ್ರ ಕೊಳ್ಳುವ ಹಾಗಿಲ್ಲ. ಇನ್ನೂ ಗಟ್ಟಿ ಬೇಕೆಂದರೆ ಒಂದೇ ರಾತ್ರಿಗೆ ಸಾಲ ಕೊಡುವ ಓವರ್‌ನೈಟ್ ಫಂಡ್ ಇದೆ.

ಟ್ರೆಜರಿ ಬಿಲ್ ಬಗ್ಗೆ ನಮ್ಮ ಕಡೆ ಬಹಳ ಜನಕ್ಕೆ ಗೊತ್ತಿಲ್ಲ. ಕೇಂದ್ರ ಸರ್ಕಾರ ನಮ್ಮಿಂದ ಮೂರು ತಿಂಗಳಿಗೋ ಆರು ತಿಂಗಳಿಗೋ ಒಂದು ವರ್ಷಕ್ಕೋ ಸಾಲ ತೆಗೆದುಕೊಳ್ಳುವುದು ಅಷ್ಟೇ. 91, 182 ಮತ್ತು 364 ದಿನಗಳ ಬಿಲ್‌ಗಳಿವೆ. 2021ರ ನವೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ‘ರಿಟೇಲ್ ಡೈರೆಕ್ಟ್’ ಶುರು ಮಾಡಿದ ಮೇಲೆ ನಮ್ಮಂಥವರೂ 10,000 ರೂಪಾಯಿಯಿಂದ ನೇರವಾಗಿ ಕೊಳ್ಳಬಹುದು. ಖಾತೆಗೆ ಶುಲ್ಕ ಇಲ್ಲ. ಬುಧವಾರ ಹರಾಜು, ಗುರುವಾರ ಬಿಲ್ ನಮ್ಮ ಹೆಸರಿಗೆ. ದರ ನಾವು ಕೂಗಬೇಕಿಲ್ಲ. ದೊಡ್ಡವರು ಕೂಗಿದ ದರದ ಸರಾಸರಿಯೇ ನಮಗೆ ಸಿಗುತ್ತದೆ. ನಮ್ಮ ಅಡಿಕೆ ಟೆಂಡರಿನಲ್ಲಿ ಸಣ್ಣ ಬೆಳೆಗಾರನಿಗೆ ಇಂಥ ಅನುಕೂಲ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸುತ್ತದೆ, ಅಲ್ವಾ?

ಬಡ್ಡಿ ಬೇರೆ ಕೊಡುವುದಿಲ್ಲ. ಒಂದು ಲಕ್ಷದ ಬಿಲ್ಲಿಗೆ ನಾನು ಕೊಟ್ಟದ್ದು 98,400 ಚಿಲ್ಲರೆ. 91 ದಿನ ಎಂದರೆ ಸರಿಯಾಗಿ ಹದಿಮೂರು ವಾರ. ಹಾಗಾಗಿ ಗುರುವಾರ ಸಿಕ್ಕ ಬಿಲ್ಲಿನ ದುಡ್ಡು ಗುರುವಾರವೇ ಬರುತ್ತದೆ. ಮಾರ್ಚ್ 13ರದು ಜೂನ್ 12ಕ್ಕೆ ಪೂರ್ತಿ ಒಂದು ಲಕ್ಷವಾಗಿ, ನಾನೇನೂ ಮಾಡದೆ ಖಾತೆಗೆ ಬಂದು ಬಿತ್ತು. ಕೊಡುವವರು ಭಾರತ ಸರ್ಕಾರ, ಅದಕ್ಕಿಂತ ಗಟ್ಟಿ ಇನ್ನೊಂದಿಲ್ಲ. ಮಧ್ಯದಲ್ಲಿ ಮಾರುವ ದಾರಿ ಇದ್ದರೂ ಸಣ್ಣ ಮೊತ್ತಕ್ಕೆ ಒಳ್ಳೆಯ ದರದಲ್ಲಿ ಕೊಳ್ಳುವವರು ಸಿಗುವುದು ಕಷ್ಟ. ತಾರೀಕು ಗೊತ್ತಿರುವ ಖರ್ಚಿಗೆ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ತಾರೀಕು ಗೊತ್ತಿಲ್ಲದ ಖರ್ಚಿಗೆ ಇದು ಆಗುವುದಿಲ್ಲ. ಮಳೆ ತಾರೀಕು ಹೇಳಿ ಬರುವುದಿಲ್ಲವಲ್ಲ.

ಲಿಕ್ವಿಡ್ ಇಟಿಎಫ್ ನನಗೆ ಹಿಡಿಸಲಿಲ್ಲ. ದಿನಾ ಷೇರು ಕೊಳ್ಳುವ ಮಾರುವ ಜನರಿಗೆ ಅದು ಚೆನ್ನಾಗಿದೆ. ದುಡ್ಡು ಸುಮ್ನೆ ಕೂರುವ ಬದಲು ಅಲ್ಲಿ ದುಡಿಯುತ್ತದೆ, ವಹಿವಾಟಿಗೆ ಬ್ರೋಕರ್ ಕೇಳುವ ಮಾರ್ಜಿನ್ ಹಣಕ್ಕೂ ಅಡ ಇಡಬಹುದು. ನಾನು ಕೊಂಡದ್ದು ದಿನಾ ಡಿವಿಡೆಂಡ್ ಸೇರಿಸುವ ಬಗೆಯದು, ಯೂನಿಟ್ಟಿಗೆ 1,000 ರೂಪಾಯಿ. ಡಿವಿಡೆಂಡ್ ರೂಪಾಯಿಯಾಗಿ ಬರುವುದಿಲ್ಲ, ಚೂರು ಚೂರು ಯೂನಿಟ್ ಆಗಿ ಸೇರುತ್ತದೆ. 100 ಯೂನಿಟ್ ಮೂರು ತಿಂಗಳಲ್ಲಿ 101.38 ಆಯಿತು. ಪೇಟೆಯಲ್ಲಿ ಮಾರಲು ಆದದ್ದು 101 ಮಾತ್ರ. ಉಳಿದ 0.38 ಇನ್ನೂ ಷೇರು, ಯೂನಿಟ್ ಇಡುವ ಡಿಮ್ಯಾಟ್ ಖಾತೆಯಲ್ಲೇ ಇದೆ. ಡಿವಿಡೆಂಡ್ ಇಲ್ಲದೆ ಬೆಲೆಯೇ ಏರುತ್ತಾ ಹೋಗುವ ಗ್ರೋತ್ ಬಗೆಯ ಲಿಕ್ವಿಡ್ ಇಟಿಎಫ್‌ಗಳೂ ಈಗ ಇವೆ. ಕೊಳ್ಳುವುದಾದರೆ ಅದನ್ನೇ ಕೊಳ್ಳಿ.

ಎಫ್‌ಡಿ ಬಗ್ಗೆ ಎಲ್ಲರಿಗೂ ಗೊತ್ತು. ಒಂದು ಮಾತು ಮಾತ್ರ ನಮ್ಮ ಜಿಲ್ಲೆಯವರಿಗೆ ಒತ್ತಿ ಹೇಳಬೇಕು. ಬ್ಯಾಂಕಿನಲ್ಲಿಟ್ಟ ದುಡ್ಡಿಗೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ಠೇವಣಿ ವಿಮೆ ಇದೆ. ಸಹಕಾರಿ ಬ್ಯಾಂಕಿಗೂ ಇದೆ. ಆದರೆ ಬ್ಯಾಂಕ್ ಅಲ್ಲದ ಸಹಕಾರಿ ಸಂಘಕ್ಕೆ, ಸೌಹಾರ್ದ ಸಹಕಾರಿಗೆ ಈ ವಿಮೆ ಇಲ್ಲ. ನಮ್ಮಲ್ಲಿ ಎಷ್ಟೋ ಒಳ್ಳೆಯ ಸಂಘಗಳಿವೆ, ಅವುಗಳಿಂದಲೇ ನಮ್ಮ ತೋಟ ಉಳಿದಿದೆ. ನಾನೂ ಅಡಿಕೆ ಮಾರುವುದು ಸಂಘದಲ್ಲೇ. ಆದರೂ ಅರ್ಧ ಪರ್ಸೆಂಟ್ ಜಾಸ್ತಿ ಬಡ್ಡಿ ಎಂದು ಆಯಿಯ ಔಷಧಿ ದುಡ್ಡನ್ನೆಲ್ಲ ವಿಮೆ ಇಲ್ಲದ ಕಡೆ ಇಡಬೇಡಿ.

ಈಗ ಹತ್ತು ಹದಿನೈದು ವರ್ಷದ ದುಡ್ಡು. ಇದಕ್ಕೆ ನಿಫ್ಟಿ ಇಟಿಎಫ್ ಮತ್ತು ನಿಫ್ಟಿ ಇಂಡೆಕ್ಸ್ ಫಂಡ್ ಎರಡನ್ನೂ 2022ರಿಂದ ಜೊತೆಜೊತೆಯಾಗಿ ನಡೆಸುತ್ತಿದ್ದೇನೆ. ನಿಫ್ಟಿ ಎಂದರೆ ಷೇರು ಪೇಟೆಯ ಐವತ್ತು ದೊಡ್ಡ ಕಂಪನಿಗಳ ಸೂಚ್ಯಂಕ, ಅದನ್ನೇ ಅನುಸರಿಸುವ ಮಾಮೂಲಿ ಮ್ಯೂಚುವಲ್ ಫಂಡ್ ಇಂಡೆಕ್ಸ್ ಫಂಡ್. ಎರಡರೊಳಗೂ ಅದೇ ಐವತ್ತು ಕಂಪನಿ. ನಿಫ್ಟಿ ಬೀಸ್ ನಮ್ಮ ದೇಶದ ಮೊದಲ ಇಟಿಎಫ್, 2002ರ ಜನವರಿಯಿಂದ ಪೇಟೆಯಲ್ಲಿದೆ. ಶುರು ಮಾಡಿದ ಬೆಂಚ್‌ಮಾರ್ಕ್ ಕಂಪನಿ ಗೋಲ್ಡ್‌ಮನ್ ಸ್ಯಾಕ್ಸ್ ಕೈಗೆ, ಅಲ್ಲಿಂದ ರಿಲಯನ್ಸ್‌ಗೆ, ಆಮೇಲೆ ನಿಪ್ಪಾನ್‌ಗೆ ಹೋಯಿತು. ಒಡೆಯರು ಬದಲಾದರೂ ಒಳಗಿನ ಐವತ್ತು ಕಂಪನಿಯ ಲೆಕ್ಕ ಬದಲಾಗಲಿಲ್ಲ. ಇಂಡೆಕ್ಸ್ ಹೂಡಿಕೆಯಲ್ಲಿ ನನಗೆ ಇಷ್ಟವಾಗುವುದು ಇದೇ.

ಇಟಿಎಫ್‌ನ ವಾರ್ಷಿಕ ಖರ್ಚು ಶೇ 0.04ರ ಹತ್ತಿರ, ಲಕ್ಷಕ್ಕೆ 40 ರೂಪಾಯಿ. ನನ್ನ ಇಂಡೆಕ್ಸ್ ಫಂಡ್ ಲಕ್ಷಕ್ಕೆ 200ರ ಆಸುಪಾಸು ತೆಗೆದುಕೊಳ್ಳುತ್ತದೆ. ಕಾಗದದ ಮೇಲೆ ಇಟಿಎಫ್ ಗೆದ್ದಿತು. ತೋಟದಲ್ಲಿ ಗೆಲ್ಲಲಿಲ್ಲ. ಇಂಡೆಕ್ಸ್ ಫಂಡ್‌ಗೆ 10ನೇ ತಾರೀಕು ದುಡ್ಡು ತಾನೇ ಹೋಗುತ್ತದೆ. ಇಟಿಎಫ್ ಅನ್ನು ಬೆಳಿಗ್ಗೆ 9.15ರಿಂದ ಮಧ್ಯಾಹ್ನ 3.30ರ ಒಳಗೆ ನಾನೇ ಕೊಳ್ಳಬೇಕು. ಆ ಹೊತ್ತಿಗೆ ನಾನು ತೋಟದಲ್ಲಿರುತ್ತೇನೆ. ಕೊಯ್ಲಿನ ಮೂರು ತಿಂಗಳು ಒಂದು ಯೂನಿಟ್ಟೂ ಕೊಂಡಿರಲಿಲ್ಲ. ಮಾರುವಾಗ ಡಿಮ್ಯಾಟ್ ಖಾತೆಯಿಂದ ಯೂನಿಟ್ ತೆಗೆಯಲು ಹಿಡಿಯುವ ಡಿಪಿ ಶುಲ್ಕ ಬೇರೆ, ವರ್ಷಕ್ಕೊಮ್ಮೆ ಡಿಮ್ಯಾಟ್ ಶುಲ್ಕ ಬೇರೆ.

ಇಟಿಎಫ್‌ನಲ್ಲಿ ಒಂದು ತಪ್ಪು ಮಾಡಿ ಕಲಿತೆ. ಹೆಚ್ಚು ವಹಿವಾಟಿಲ್ಲದ ಒಂದು ಮಿಡ್‌ಕ್ಯಾಪ್ (ಮಧ್ಯಮ ಗಾತ್ರದ ಕಂಪನಿಗಳ) ಇಟಿಎಫ್ ಅನ್ನು ಬೆಳಿಗ್ಗೆ ಪೇಟೆ ತೆರೆದ ಕೂಡಲೇ ಮಾರ್ಕೆಟ್ ಆರ್ಡರ್, ಅಂದರೆ ಸಿಕ್ಕ ಬೆಲೆಗೆ ಕೊಳ್ಳುವ ಆರ್ಡರ್ ಹಾಕಿ ಕೊಂಡೆ. ಒಳಗಿರುವ ಷೇರುಗಳ ನಿಜವಾದ ಬೆಲೆ ಯೂನಿಟ್ಟಿಗೆ 62.15 ಇತ್ತು. ನನಗೆ ಬಿದ್ದದ್ದು 63.40. ನಲವತ್ತು ಸಾವಿರಕ್ಕೆ 800 ರೂಪಾಯಿ ಒಂದೇ ಕ್ಷಣದಲ್ಲಿ ಹೋಯಿತು. ವರ್ಷಕ್ಕೆ 64 ರೂಪಾಯಿ ಖರ್ಚು ಉಳಿಸಲು ಹೋಗಿ ಹನ್ನೆರಡು ವರ್ಷದ ಉಳಿತಾಯ ಕಳೆದುಕೊಂಡ ಹಾಗಾಯಿತು. ಈಗ ಮೊದಲು ಐಎನ್‌ಎವಿ, ಅಂದರೆ ಒಂದು ಯೂನಿಟ್ಟಿನ ಒಳಗಿರುವುದರ ಆ ಹೊತ್ತಿನ ನಿಜವಾದ ಬೆಲೆ ನೋಡುತ್ತೇನೆ. ಅದನ್ನು ಫಂಡ್ ಕಂಪನಿಯ ಜಾಲತಾಣದಲ್ಲಿ ಪೇಟೆ ನಡೆಯುವಾಗ ಹಾಕುತ್ತಲೇ ಇರುತ್ತಾರೆ. ಆಮೇಲೆ ಕೊಳ್ಳುವವರ ಸಾಲು, ಮಾರುವವರ ಸಾಲು ನೋಡುತ್ತೇನೆ. ಎರಡರ ನಡುವೆ ಅಂತರ ಜಾಸ್ತಿ ಇದ್ದರೆ ಮುಟ್ಟುವುದಿಲ್ಲ. ಯಾವಾಗಲೂ ಬೆಲೆ ನಾನೇ ಗೊತ್ತುಮಾಡುವ ಲಿಮಿಟ್ ಆರ್ಡರ್, ಅದೂ ಹತ್ತು ಗಂಟೆ ಕಳೆದ ಮೇಲೆ.

ಈ ಅಭ್ಯಾಸ 2025ರ ಅಕ್ಟೋಬರ್‌ನಲ್ಲಿ ಉಪಯೋಗಕ್ಕೆ ಬಂತು. ದೀಪಾವಳಿ ಹತ್ತಿರ ಬಂದಾಗ ಬೆಳ್ಳಿ ಏರುತ್ತಿತ್ತು. ಭಾವ ಫೋನ್ ಮಾಡಿ, ‘ಬೆಳ್ಳಿ ಇಟಿಎಫ್ ತಗಳೋ, ಎಲ್ಲರೂ ತಗಳ್ತಾ ಇದ್ದಾರೆ’ ಎಂದರು. ನೋಡಿದರೆ ಪೇಟೆಯ ಬೆಲೆ ಐಎನ್‌ಎವಿಗಿಂತ ಶೇ 10ಕ್ಕೂ ಮೇಲಿತ್ತು. ದೇಶದಲ್ಲಿ ಬೆಳ್ಳಿ ಗಟ್ಟಿಗೇ ಕೊರತೆ. ಗಟ್ಟಿ ಇಲ್ಲದೆ ಹೊಸ ಯೂನಿಟ್ ಹುಟ್ಟುವುದಿಲ್ಲ. ಇರುವ ಯೂನಿಟ್ಟಿಗೇ ಜನ ಮುಗಿಬಿದ್ದಿದ್ದರು. ಕೆಲವು ಫಂಡ್ ಹೌಸ್‌ಗಳು ತಮ್ಮ ಬೆಳ್ಳಿ ಫಂಡ್‌ಗೆ ಒಂದೇ ಸಲ ಹಾಕುವ ಇಡಿಗಂಟು ತೆಗೆದುಕೊಳ್ಳುವುದನ್ನೇ ಆಗ ನಿಲ್ಲಿಸಿದವು. ‘ಭಾವ, ನೂರು ರೂಪಾಯಿ ಬೆಳ್ಳಿಗೆ ನೂರಾಹತ್ತು ಕೇಳ್ತಾ ಇದ್ದಾರೆ, ಸ್ವಲ್ಪ ತಡೀರಿ’ ಎಂದೆ. ಹಬ್ಬ ಕಳೆದ ಮೇಲೆ ಆ ಹೆಚ್ಚಿನ ಹತ್ತು ಕರಗಿತು, ಬೆಳ್ಳಿಯೂ ಇಳಿಯಿತು.

ಚಿನ್ನಕ್ಕೆ ಮಾತ್ರ ನಾನು ಇಟಿಎಫ್ ಪರ. ಸರ್ಕಾರದ ಚಿನ್ನದ ಬಾಂಡ್ ಆದ ಸಾವರಿನ್ ಗೋಲ್ಡ್ ಬಾಂಡ್ 2024ರ ಫೆಬ್ರುವರಿ ನಂತರ ಹೊಸದಾಗಿ ಬಂದಿಲ್ಲ. ಗೋಲ್ಡ್ ಬೀಸ್ ಎನ್ನುವ ಚಿನ್ನದ ಇಟಿಎಫ್‌ನ ಒಂದು ಯೂನಿಟ್ ಹೆಚ್ಚುಕಡಿಮೆ 0.01 ಗ್ರಾಂ. ನೂರಿನ್ನೂರು ರೂಪಾಯಿ ಇದ್ದಾಗಲೂ ಕೊಳ್ಳಬಹುದು. ಮಜೂರಿ ಇಲ್ಲ, ಕೊಳ್ಳುವಾಗ ಶೇ 3ರ ಜಿಎಸ್‌ಟಿ ಇಲ್ಲ. ಮಗಳ ಮದುವೆಗೆ ಒಡವೆ ಬೇಕಾದ ದಿನ ಮಾರಿ ಒಡವೆ ಮಾಡಿಸುತ್ತೇವೆ ಎಂದು ಮನೆಯವಳೂ ಒಪ್ಪಿದ್ದಾಳೆ.

ತೆರಿಗೆ ವಿಷಯದಲ್ಲಿ ನಮ್ಮವರು ಎಡವುವುದು ಒಂದು ಕಡೆ. ಅಡಿಕೆ ಮಾರಿದ ದುಡ್ಡು ಕೃಷಿ ಆದಾಯ. ಆ ದುಡ್ಡು ದುಡಿದು ತಂದ ಬಡ್ಡಿ ಕೃಷಿ ಆದಾಯ ಅಲ್ಲ. ಎಫ್‌ಡಿ, ಟ್ರೆಜರಿ ಬಿಲ್, ಈಗ ಕೊಳ್ಳುವ ಲಿಕ್ವಿಡ್ ಫಂಡ್, ಎಲ್ಲದರ ಗಳಿಕೆಯನ್ನೂ ನಿಮ್ಮ ಆದಾಯ ತೆರಿಗೆ ಸ್ಲ್ಯಾಬ್‌ನಲ್ಲಿ ತೋರಿಸಬೇಕು. ನಿಫ್ಟಿ ಇಟಿಎಫ್ ಆದರೂ ಇಂಡೆಕ್ಸ್ ಫಂಡ್ ಆದರೂ ಒಂದೇ ಲೆಕ್ಕ. ವರ್ಷದ ಒಳಗೆ ಮಾರಿದರೆ ಲಾಭಕ್ಕೆ ಶೇ 20. ವರ್ಷ ದಾಟಿದ್ದರೆ 1.25 ಲಕ್ಷ ಲಾಭದವರೆಗೆ ಇಲ್ಲ, ಆಮೇಲೆ ಶೇ 12.5.

ಈ ಸಲ ಐದು ಜಾಗ ಮೂರಕ್ಕೆ ಇಳಿದಿದೆ. ಒಂದು ತಿಂಗಳ ಮನೆ ಖರ್ಚು ಉಳಿತಾಯ ಖಾತೆಯಲ್ಲಿದೆ. ಮಳೆ, ಆಸ್ಪತ್ರೆ, ಪಂಪ್ ಕೆಟ್ಟದ್ದು, ಇಂಥದಕ್ಕೆಲ್ಲ ಎರಡು ಬೇರೆ ಬೇರೆ ಲಿಕ್ವಿಡ್ ಫಂಡ್. ಎರಡು ಇದ್ದರೆ ಒಂದೇ ದಿನ ಲಕ್ಷ ತೆಗೆಯಬಹುದು. ತಾರೀಕು ಗೊತ್ತಿರುವ ಖರ್ಚಿಗೆ ಟ್ರೆಜರಿ ಬಿಲ್. ದೂರದ ದುಡ್ಡಿನಲ್ಲಿ ತಿಂಗಳ ಕಂತು ಇಂಡೆಕ್ಸ್ ಫಂಡ್‌ಗೆ ಹೋಗುತ್ತದೆ, ಚಿನ್ನ ಇಟಿಎಫ್‌ನಲ್ಲಿ. ಹಳೆಯ ನಿಫ್ಟಿ ಇಟಿಎಫ್ ಮಾರಿಲ್ಲ, ಹೊಸದಾಗಿ ಕೊಳ್ಳುತ್ತಲೂ ಇಲ್ಲ. ಔಷಧಿಗೆ ಬೇಕಾಗುವ ದುಡ್ಡಿಗೆ ಮಾರ್ಚ್‌ವರೆಗೆ ಕಾಯಲಿಲ್ಲ. 2026ರ ಫೆಬ್ರುವರಿ 11ರ ಬುಧವಾರದ ಹರಾಜಿನಲ್ಲೇ ಬಿಲ್ ಕೊಂಡೆ. ಅದು ಮೇ 14ಕ್ಕೆ ಕೈಗೆ ಬರುತ್ತದೆ, ಮಳೆಗಿಂತ ಮುಂಚೆ.