ಹಿನ್ನೀರಿನ ದಂಡೆಗೆ ಒಯ್ಯುವ ಪ್ರಿಂಟರ್: ಕ್ಯಾನನ್ ಸೆಲ್ಫಿ ಸಿಪಿ1500

ವರ್ಗವಾಗಿ ಕೊಪ್ಪಳಕ್ಕೆ ಬಂದು, ಭಾನುವಾರ ಕ್ಯಾಮೆರಾ ಹೆಗಲಿಗೇರಿಸಿ ಮುನಿರಾಬಾದ್ ಕಡೆ ಹೊರಡುವವರಿಗಾಗಿ ಈ ವಿಮರ್ಶೆ. ಕಡಲಿಲ್ಲದ ಈ ಸೀಮೆಗೆ ತುಂಗಭದ್ರೆಯ ಹಿನ್ನೀರೇ ಕಡಲು. ಜಲಾಶಯದ ಹೆಸರೂ ಪಂಪಾಸಾಗರ. ಹರಗೋಲು, ಬಲೆ, ನಸುಕಿನ ಮೀನು ವ್ಯಾಪಾರ ಎಲ್ಲದರ ಫೋಟೊ ಸುಲಭವಾಗಿ ಸಿಗುತ್ತದೆ. ಆದರೆ ಎರಡನೇ ಸಲ ಹೋದಾಗ ದಂಡೆಯವರು ಕೇಳುವುದು, "ಅವತ್ತು ತಗದ ಫೋಟೊ ಎಲ್ಲೈತ್ರಿ?" ಅಂತ. ವಾಟ್ಸಾಪಿನಲ್ಲಿ ಕಳಿಸಿದ್ದು ನಾಲ್ಕು ದಿನಕ್ಕೆ ಮರೆತುಹೋಗುತ್ತದೆ. ಕೈಗೆ ಕೊಟ್ಟ ಕಾಗದ ಗೋಡೆಗೇರುತ್ತದೆ, ಕೊಟ್ಟವರ ಹೆಸರು ಮನೆಯವರ ಬಾಯಲ್ಲಿ ಉಳಿಯುತ್ತದೆ. ಹಾಗಾಗಿ ಹೊಸ ಊರಿನಲ್ಲಿ ಹೊಸ ಲೆನ್ಸಿಗಿಂತ ಮೊದಲು ಕೊಳ್ಳಬೇಕಾದದ್ದು ಈ ಪುಟ್ಟ ಫೋಟೊ ಪ್ರಿಂಟರ್.

ಯಂತ್ರದ ತೂಕ ಸುಮಾರು 850 ಗ್ರಾಂ. ಪೋಸ್ಟ್‌ಕಾರ್ಡ್ ಅಳತೆಯ ಒಂದು ಪ್ರಿಂಟಿಗೆ 41 ಸೆಕೆಂಡು. ಇದರಲ್ಲಿ ದ್ರವ ಶಾಯಿ ಇಲ್ಲ. ರಿಬ್ಬನ್ನಿನ, ಅಂದರೆ ಬಣ್ಣ ಬಳಿದ ತೆಳು ಹಾಳೆಯ ಸುರುಳಿಯ, ಬಣ್ಣವನ್ನು ಶಾಖದಿಂದ ಕಾಗದಕ್ಕೆ ಇಳಿಸುತ್ತದೆ. ತಿಂಗಳುಗಟ್ಟಲೆ ಬಳಸದಿದ್ದರೂ ನಮ್ಮ ಒಣಹವೆಗೆ ಶಾಯಿ ಒಣಗಿ ನಳಿಕೆ ಕಟ್ಟುವ ಭಯವಿಲ್ಲ. ಹಳದಿ, ಕೆಂಪುನೇರಳೆ, ತಿಳಿನೀಲಿ ಆದಮೇಲೆ ನಾಲ್ಕನೇ ಸುತ್ತಿನಲ್ಲಿ ರಕ್ಷಣಾ ಪದರ ಬೀಳುತ್ತದೆ. ಮೀನು ಹಿಡಿದ ಒದ್ದೆ ಕೈಗೆ ಕೊಟ್ಟರೂ ಬಣ್ಣ ಕದಡದಿರುವುದು ಇದರಿಂದಲೇ. ದಂಡೆಯ ಮಟ್ಟಿಗೆ ಇದಕ್ಕಿಂತ ದೊಡ್ಡ ಗುಣವಿಲ್ಲ.

ತೊಂದರೆ ಕೊಡುವುದು ಧೂಳು. ನಾಲ್ಕು ಸುತ್ತಿನಲ್ಲೂ ಕಾಗದ ಹೊರಬಂದು ಒಳಹೋಗುತ್ತದೆ. ಒಂದು ಕಣ ಅಂಟಿದರೂ ಆ ಜಾಗಕ್ಕೆ ಬಣ್ಣ ಇಳಿಯದೆ ಚುಕ್ಕೆ ಉಳಿಯುತ್ತದೆ. ಕಾಗದವನ್ನು ಮನೆಯಲ್ಲೇ, ಹೊಳಪಿನ ಬದಿ ಮೇಲಾಗಿ ಟ್ರೇಗೆ ತುಂಬಿ (18 ಹಾಳೆ ಹಿಡಿಯುತ್ತದೆ) ಮುಚ್ಚಿದ ಡಬ್ಬಿಯಲ್ಲಿ ಒಯ್ಯಿರಿ. ರಿಬ್ಬನ್ ಸಡಿಲವಿದ್ದರೆ ಹಲ್ಲುಚಕ್ರ ತಿರುಗಿಸಿ ಬಿಗಿ ಮಾಡಿಯೇ ಹಾಕಬೇಕು. ಕಾಗದ ಹಿಂಬದಿಯಿಂದಲೂ ಹೊರಗೆ ಬರುವುದರಿಂದ ಚಹಾದಂಗಡಿಯ ಗೋಡೆಗೆ ಒತ್ತಿ ಇಟ್ಟರೆ ಸಿಕ್ಕಿಕೊಳ್ಳುತ್ತದೆ, ಒಂದು ಗೇಣು ಜಾಗ ಬಿಡಿ. ಬಳಕೆಯ ಮಿತಿ 40 ಡಿಗ್ರಿ ಸೆಲ್ಸಿಯಸ್. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಇಲ್ಲಿ ಬಿಸಿಲು ಅದನ್ನು ದಾಟುವುದುಂಟು, ಮೇಲಾಗಿ ಒಳಗೆ ಕಾವೇರಿದರೆ ಯಂತ್ರ ತಾನಾಗಿ ತಡೆದು ನಿಲ್ಲುತ್ತದೆ. ಬೆಳಗ್ಗೆ, ನೆರಳಲ್ಲೇ ಕೆಲಸ ಮುಗಿಸಿ. ಯಂತ್ರದ ಪೆಟ್ಟಿಗೆಯಲ್ಲಿ ಬ್ಯಾಟರಿ ಬರುವುದಿಲ್ಲ. ಬೇರೆ ಕೊಳ್ಳದಿದ್ದರೆ ದಂಡೆಯಲ್ಲಿ ಪ್ಲಗ್ ಹುಡುಕಬೇಕು.

ಮೊಬೈಲಿನ 4:3 ಚಿತ್ರವನ್ನು ಕಾಗದದ ತುಂಬ ಹಾಕಿದರೆ ಹತ್ತರಲ್ಲೊಂದು ಭಾಗ ಕತ್ತರಿಸಿಹೋಗುತ್ತದೆ. ಅಡ್ಡ ಚಿತ್ರವಾದರೆ ತಲೆ ಇಲ್ಲವೇ ಕಾಲು, ಉದ್ದ ಚಿತ್ರವಾದರೆ ಅಂಚಿನಲ್ಲಿ ನಿಂತವರ ಭುಜ. ಗುಂಪಿನ ಫೋಟೊ ತೆಗೆಯುವಾಗಲೇ ಸುತ್ತ ಜಾಗ ಬಿಡಿ. ಮನೆಯ ಹಿರಿಯರ ತಲೆ ಕತ್ತರಿಸಿದ ಪ್ರಿಂಟನ್ನು ಕೊಡುವ ಹಾಗಿಲ್ಲ. ನೀರಿನ ಹೊಳಪಿಗೆ ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಮೋಸಹೋಗಿ ಮುಖ ಕಪ್ಪಾಗುವುದರಿಂದ ಎಕ್ಸ್‌ಪೋಷರ್ +0.7ರಿಂದ +1ಕ್ಕೆ ಏರಿಸಿ. ಪ್ರಿಂಟು ಪರದೆಗಿಂತ ಸ್ವಲ್ಪ ಮಂಕಾಗಿಯೇ ಕಾಣುತ್ತದೆ.

108 ಹಾಳೆಯ ಪ್ಯಾಕಿನಲ್ಲಿ ತಲಾ 36 ಪ್ರಿಂಟಿನ 3 ರಿಬ್ಬನ್. ಪ್ಯಾಕಿನ ಬೆಲೆಯನ್ನು 108ರಿಂದ ಭಾಗಿಸಿದರೆ ಪ್ರಿಂಟಿನ ಖರ್ಚು ಸಿಗುತ್ತದೆ. ಸ್ಟುಡಿಯೋದಲ್ಲಿ ಹಾಕಿಸುವುದು ಅಗ್ಗ, ಆದರೆ ಅದು ಕೈಗೆ ಬರುವಷ್ಟರಲ್ಲಿ ಹರಗೋಲಿನವರು ಬೇರೆ ದಂಡೆಯಲ್ಲಿರುತ್ತಾರೆ. ತೆಗೆದ ಕೂಡಲೇ ಚಿತ್ರ ಕೊಡುವ ಇನ್‌ಸ್ಟ್ಯಾಕ್ಸ್ ಮಿನಿ ಕ್ಯಾಮೆರಾದ ಚಿತ್ರ ಬರೀ 62×46 ಮಿ.ಮೀ., ಐದು ಜನರ ಕುಟುಂಬಕ್ಕೆ ಸಾಲದು.

"ಯಣ್ಣಾ, ಒಂದು ಫೋಟೊ ತಗೀಲೇನ್ರಿ?" ಎಂದು ಕೇಳಿಯೇ ತೆಗೆಯಿರಿ, ಹೆಣ್ಣುಮಕ್ಕಳದ್ದಾದರೆ ಅವರನ್ನೇ ಕೇಳಿ. ಬಳಸಿದ ರಿಬ್ಬನ್ನಿನ ಮೇಲೆ ಪ್ರತಿ ಚಿತ್ರವೂ ನೆಗೆಟಿವ್ ಹಾಗೆ ಅಚ್ಚೊತ್ತಿರುತ್ತದೆ, ಬೆಳಕಿಗೆ ಹಿಡಿದರೆ ಮುಖ ಗುರುತು ಸಿಗುತ್ತದೆ. ಅದನ್ನು ದಂಡೆಯಲ್ಲಿ ಎಸೆಯದೆ ಮನೆಗೆ ತಂದು, ಕತ್ತರಿಯಿಂದ ಚೂರು ಮಾಡಿ ಕಸಕ್ಕೆ ಹಾಕಿ.